ಮೊದಲ ಕಾಂಪೌಂಡ್ ಬಿಲ್ಲು: ಡಲ್ಲಾಸ್‌ನಿಂದ 70 ಪೌಂಡಿನದು ಬರುತ್ತಿದೆ, ತಗೊಳ್ಳಲಾ ಬೇಡವಾ?

ಬೆಣ್ಣೆದೋಸೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು, ವಯಸ್ಸು 34, ಎತ್ತರ 5 ಅಡಿ 5 ಇಂಚು. ಎಂಟು ತಿಂಗಳಿಂದ ವಾರಕ್ಕೆರಡು ದಿನ ಬಿಲ್ಲು ಹಿಡಿಯುತ್ತಿದ್ದೇನೆ. ಕಲಿತಿರುವುದೆಲ್ಲ ಬಿದಿರಿನ ಬಿಲ್ಲಿನಲ್ಲೇ, ಅಂದರೆ ನಮ್ಮ ಇಂಡಿಯನ್ ರೌಂಡ್. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕಾಂಪೌಂಡಿನ (ತುದಿಗಳಲ್ಲಿ ರಾಟೆ ಇರುವ ಬಿಲ್ಲಿನ) ಐದಕ್ಕೆ ಐದೂ ಚಿನ್ನ ನಮ್ಮವರೇ ತಂದರಲ್ಲ, ಅವತ್ತಿನಿಂದ ತಲೆಯಲ್ಲಿ ಇದೇ ಹುಳ.

ವಿಷಯ ಏನೆಂದರೆ, ನಮ್ಮ ದೊಡ್ಡಮ್ಮನ ಮಗ ಡಲ್ಲಾಸ್‌ನಲ್ಲಿದ್ದಾನೆ. ಬರುವ ತಿಂಗಳು ಊರಿಗೆ ಬರುತ್ತಾನೆ. ಅವನ ಆಫೀಸಿನಲ್ಲಿ ಒಬ್ಬರು ತಮ್ಮ ಕಾಂಪೌಂಡ್ ಬಿಲ್ಲು ಮಾರುತ್ತಿದ್ದಾರಂತೆ. ಇಲ್ಲಿ ಹೊಸದಕ್ಕೆ ಹೇಳುವ ರೇಟಿನ ಅರ್ಧವೂ ಇಲ್ಲ. ಸೈಟ್ (ಗುರಿ ನೋಡುವ ಸಾಧನ), ರೆಸ್ಟ್ (ಬಾಣ ಕೂರುವ ಆಸರೆ), ಆರು ಬಾಣ ಎಲ್ಲ ಸೇರಿ. ಅಣ್ಣ ಕಳಿಸಿದ ವಿವರ ಇದು: ಎಳೆಯುವ ಭಾರ 60ರಿಂದ 70 ಪೌಂಡ್, ಡ್ರಾ ಲೆಂಗ್ತ್ (ಸ್ಟ್ರಿಂಗ್ ಎಳೆಯುವ ಉದ್ದ) 29 ಇಂಚು, ಆಕ್ಸಲ್‌ನಿಂದ ಆಕ್ಸಲ್‌ಗೆ (ಎರಡು ತುದಿಯ ರಾಟೆಗಳ ನಡುವೆ) 30 ಇಂಚು, ವೇಗ ಸೆಕೆಂಡಿಗೆ 340 ಅಡಿ.

ಜಿಮ್‌ಗೆ ಹೋಗುತ್ತೇನೆ, ಎಳೆಯುವ ಶಕ್ತಿ ಇದೆ. ಮುಂದೆ 50 ಮೀಟರ್ ಹೊಡೆದು ಒಂದಾದರೂ ಸ್ಪರ್ಧೆಗೆ ನಿಲ್ಲಬೇಕು ಅನ್ನುವ ಆಸೆಯೂ ಇದೆ. ಅಣ್ಣ ದಿನಾ ಫೋನ್ ಮಾಡಿ "ಹೂಂ ಅಂತೀಯೋ, ಉಹೂಂ ಅಂತೀಯೋ" ಎಂದು ಕೇಳುತ್ತಿದ್ದಾನೆ. ಏನು ಹೇಳಲಿ?

ಹಳೇಹೆದೆ

ಉಹೂಂ ಅನ್ನಿ.

ನೀವು ಬರೆದ ಅಂಕಿಗಳಲ್ಲಿ ವೇಗವನ್ನು ಹೆಮ್ಮೆಯಿಂದ ಬರೆದಿದ್ದೀರಿ, ಪೌಂಡಿಗೆ ಜಿಮ್ ಇದೆ ಎಂದಿದ್ದೀರಿ. 29 ಇಂಚಿನ ಬಗ್ಗೆ ಒಂದು ಮಾತೂ ಇಲ್ಲ. ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಅದನ್ನೇ.

ಬಿದಿರಿನ ಬಿಲ್ಲಿನಲ್ಲಿ ನೀವು ಎಷ್ಟು ಎಳೆದರೆ ಅಷ್ಟು. ನಿಮ್ಮ ಕೈ ಎಷ್ಟುದ್ದವೋ ಬಿಲ್ಲು ಅಷ್ಟಕ್ಕೆ ಒಗ್ಗಿಕೊಳ್ಳುತ್ತದೆ. ಕಾಂಪೌಂಡ್ ಹಾಗಲ್ಲ. ಅದರ ಎರಡು ತುದಿಯಲ್ಲಿರುವ ಕ್ಯಾಮ್ ಅಂದರೆ ಒಂದು ಥರ ರಾಟೆ. ಬಾವಿಯ ರಾಟೆ ಗುಂಡಗಿರುತ್ತದೆ, ಇದು ಸೊಟ್ಟಗಿರುತ್ತದೆ, ಅಷ್ಟೇ ವ್ಯತ್ಯಾಸ. ಆ ಸೊಟ್ಟತನದಲ್ಲೇ ಎಲ್ಲ ಚಮತ್ಕಾರ ಇರುವುದು. ಎಳೆಯಲು ಶುರು ಮಾಡಿದಾಗ ಭಾರ ಏರುತ್ತದೆ, ನಡುವೆ ಪೂರ್ತಿ ಭಾರ ಬರುತ್ತದೆ, ಕೊನೆಯಲ್ಲಿ ದಡಕ್ಕನೆ ಇಳಿಯುತ್ತದೆ. ಇದಕ್ಕೆ ಲೆಟ್ ಆಫ್ ಎನ್ನುತ್ತಾರೆ. 50 ಪೌಂಡಿನ ಬಿಲ್ಲಿಗೆ 80 ಪರ್ಸೆಂಟ್ ಲೆಟ್ ಆಫ್ ಇದ್ದರೆ, ಗುರಿ ಹಿಡಿದು ನಿಂತಾಗ ಕೈಯಲ್ಲಿರುವುದು 10 ಪೌಂಡ್ ಮಾತ್ರ. ಭಾರ ಇಳಿದ ಮೇಲೆ ಕ್ಯಾಮ್ ಒಂದು ಕಡೆ ಗಕ್ಕನೆ ನಿಲ್ಲುತ್ತದೆ. ಮುಂದೆ ಒಂದು ಕೂದಲೆಳೆಯೂ ಹೋಗುವುದಿಲ್ಲ. ಅದನ್ನು ವಾಲ್ ಅನ್ನುತ್ತಾರೆ. ಗೋಡೆಯೇ ಸರಿ.

ಆ ಗೋಡೆ ಎಲ್ಲಿರಬೇಕು ಅನ್ನುವುದನ್ನು ಬಿಲ್ಲು ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ. ನಿಮ್ಮದು 26 ಇಂಚಿನ ದೇಹವಾಗಿದ್ದು ಗೋಡೆ 29ರಲ್ಲಿದ್ದರೆ, ಅದನ್ನು ಮುಟ್ಟಲು ನೀವು ಹಿಂದಕ್ಕೆ ವಾಲುತ್ತೀರಿ, ತಲೆ ಹಿಂದೆ ಹೋಗುತ್ತದೆ, ಎಡ ಮೊಣಕೈ ಲಾಕ್ ಆಗುತ್ತದೆ, ಸ್ಟ್ರಿಂಗ್ ಮುಂಗೈಗೆ ಬಾರಿಸುತ್ತದೆ. ಮುಟ್ಟದೆ ಮಧ್ಯದಲ್ಲೇ ನಿಲ್ಲಿಸುತ್ತೇನೆ ಅಂದರೆ ಕೈಯಲ್ಲಿ ಪೂರ್ತಿ ಭಾರ. ಆಗ ಕಾಂಪೌಂಡ್ ಯಾಕೆ ಬೇಕು?

ಮೊದಲು ಗೋಡೆಗೆ ಬೆನ್ನು ಕೊಟ್ಟು ನಿಂತು ಎರಡೂ ಕೈ ಚಾಚಿ. ಜಾಸ್ತಿ ಜಗ್ಗಬೇಡಿ, ಸುಮ್ನೆ ಚಾಚಿ ಸಾಕು. ಒಂದು ನಡುಬೆರಳ ತುದಿಯಿಂದ ಇನ್ನೊಂದರ ತುದಿಗೆ ಎಷ್ಟು ಇಂಚು ನೋಡಿ, 2.5ರಿಂದ ಭಾಗಿಸಿ. ಅದು ಅಂದಾಜು ಮಾತ್ರ, ಅರ್ಧ ಇಂಚು ಅತ್ತಿತ್ತ ಆಗಬಹುದು. ಬಂದ ಉತ್ತರ ಇಲ್ಲಿ ಹಾಕಿ.

ಮಲೆನಾಡ_ಮಳೆ

ಅಯ್ಯೋ ಮಾರಾಯ್ರೆ, ಸಿಗುವುದನ್ನೂ ಬೇಡ ಅನ್ನಿಸುತ್ತೀರಲ್ಲ. ನಮ್ಮಲ್ಲಿ ಬಿಲ್ಲು ಮುಟ್ಟಿ ನೋಡಿ ಕೊಳ್ಳುವ ಅಂಗಡಿ ಎಷ್ಟಿವೆ? ಫೋಟೋ ನೋಡಿ ಆರ್ಡರ್ ಮಾಡಬೇಕು, ತಿಂಗಳುಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಆಸೆಯೇ ಆರಿಹೋಗುತ್ತದೆ. ನಾನೂ 60 ಪೌಂಡಿನ ಸೆಕೆಂಡ್ ಹ್ಯಾಂಡ್ ಬಿಲ್ಲಿನಲ್ಲೇ ಶುರು ಮಾಡಿದವನು, ಸತ್ತೇನೂ ಹೋಗಲಿಲ್ಲ. ತಗೊಳ್ಳಿ, ಹೊಡೆಯುತ್ತಾ ಹೊಡೆಯುತ್ತಾ ಎಲ್ಲ ಗೊತ್ತಾಗುತ್ತದೆ.

ಸ್ಪ್ಯಾನರ್_ಸ್ವಾಮಿ

ಮಳೆಯವರೇ, ಅಂಗಡಿ ಇಲ್ಲ ಅನ್ನುವ ಮಾತು ಒಪ್ಪಿದೆ. ಆದರೆ ಅಂಗಡಿ ಇಲ್ಲದ ಊರಿನಲ್ಲಿ ಸರಿಯಾಗದ ಬಿಲ್ಲು ಇನ್ನೂ ದೊಡ್ಡ ತಲೆನೋವು. ಅದನ್ನು ಬಿಚ್ಚಿ ಸರಿಮಾಡಲು ಬೋ ಪ್ರೆಸ್, ಅಂದರೆ ಬಿಲ್ಲನ್ನು ಬಗ್ಗಿಸಿ ಹಿಡಿಯುವ ಯಂತ್ರ ಬೇಕು. ಅದಿಲ್ಲದೆ ಸ್ಟ್ರಿಂಗ್ ಬಿಚ್ಚಲು ಹೋದವರ ಬೆರಳಿನ ಕಥೆ ಇನ್ನೊಂದು ಸಲ ಹೇಳುತ್ತೇನೆ.

ಬೆಣ್ಣೆದೋಸೆಯವರೇ, "60ರಿಂದ 70" ಅಂದರೆ ಏನು ಗೊತ್ತಾ? ಲಿಂಬ್ (ಬಿಲ್ಲಿನ ಬಾಗುವ ತೋಳು) ಹಿಡಿದಿರುವ ಬೋಲ್ಟ್ ಪೂರ್ತಿ ಬಿಗಿ ಮಾಡಿದರೆ 70, ಕಂಪನಿ ಹೇಳಿದಷ್ಟು ಸುತ್ತು ಸಡಿಲ ಮಾಡಿದರೆ 60. ಅದಕ್ಕಿಂತ ಕೆಳಗೆ ಇಲ್ಲ. ಇನ್ನೂ ಸಡಿಲ ಮಾಡುತ್ತೇನೆ ಅಂತ ಹೊರಟರೆ ಲಿಂಬ್ ಜಾಗ ಬಿಟ್ಟು ಎಗರಿ ಮುಖಕ್ಕೆ ಬರಬಹುದು. ಅಂದರೆ ನೀವು ಕಲಿಯುವುದೇ 60ರಿಂದ. ಇನ್ನೊಂದು ವಿಷಯ, ವರ್ಲ್ಡ್ ಆರ್ಚರಿ (ಬಿಲ್ಲುಗಾರಿಕೆಯ ಅಂತರರಾಷ್ಟ್ರೀಯ ಸಂಸ್ಥೆ) ನಿಯಮದಲ್ಲಿ ಕಾಂಪೌಂಡಿಗೆ ಮಿತಿಯೇ 60 ಪೌಂಡ್. ನಿಮ್ಮ ಬಿಲ್ಲು ಸ್ಪರ್ಧೆಗೆ ಹೋಗಬೇಕಾದರೆ ಅದರ ಅತಿ ಕಡಿಮೆ ಭಾರದಲ್ಲಿ ಇಡಬೇಕು, ಆಗಲೂ ತಕ್ಕಡಿಯಲ್ಲಿ 60.5 ತೋರಿಸಿದರೆ ಹೊರಗೆ.

ಜಿಮ್ ಶಕ್ತಿ ಬೇರೆ, ಬಿಲ್ಲಿನ ಶಕ್ತಿ ಬೇರೆ. ಸ್ಪರ್ಧೆಯ ಅರ್ಹತಾ ಸುತ್ತಿನಲ್ಲಿ 50 ಮೀಟರಿನಿಂದ 72 ಬಾಣ. ಅಭ್ಯಾಸದ ಬಾಣ ಬೇರೆ. ಒಂದು ಸಲ 60 ಎಳೆದು ತೋರಿಸುವುದು ಯಾರಿಗೂ ಆಗುತ್ತದೆ. ಎಪ್ಪತ್ತೆರಡನೇ ಬಾಣವನ್ನು ಮೊದಲನೆಯದರ ಹಾಗೇ ಎಳೆಯಬೇಕಲ್ಲ.

ಪರೀಕ್ಷೆ ಸುಲಭ. ಕುರ್ಚಿಯಲ್ಲಿ ಕೂರಿ, ಬಾಣ ಹಾಕಿ, ಬಿಲ್ಲನ್ನು ಗುರಿಯ ನೇರಕ್ಕೆ ಹಿಡಿದು ಮೆಲ್ಲಗೆ ಎಳೆಯಿರಿ. ಬಿಲ್ಲು ಆಕಾಶ ನೋಡದೆ, ಹಲ್ಲು ಕಚ್ಚದೆ ಎಳೆಯಲಾದರೆ ಆ ಭಾರ ನಿಮ್ಮದು. ಬಿದಿರಿನಿಂದ ಬಂದ ದೊಡ್ಡವರಿಗೆ 40ರ ಆಸುಪಾಸು ಶುರು ಮಾಡಿದರೆ ಧಾರಾಳ. 50 ಮೀಟರಿಗೆ 45 ಪೌಂಡ್ ಆರಾಮವಾಗಿ ತಲುಪುತ್ತದೆ.

ಟೆಕ್ಸಾಸ್_ಕನ್ನಡಿಗ

ನಾನಿರುವುದೂ ಡಲ್ಲಾಸ್ ಹತ್ತಿರವೇ. ನಿಮ್ಮ ಅಣ್ಣ ಹೇಳಿದ ಥರದ ಬಿಲ್ಲು ಇಲ್ಲಿ ಮನೆಮನೆಯಲ್ಲಿ ಮೂಲೆ ಸೇರಿರುತ್ತದೆ. ಅದು ಜಿಂಕೆ ಬೇಟೆಗೆ ಮಾಡಿದ ಬಿಲ್ಲು. ಮರದ ಮೇಲಿನ ಅಟ್ಟಣಿಗೆಯಲ್ಲೋ ಸಣ್ಣ ಡೇರೆಯೊಳಗೋ ಕೂತು ಒಂದೇ ಒಂದು ಬಾಣ ಬಿಡುವವರಿಗೆ. ಇಕ್ಕಟ್ಟಿನಲ್ಲಿ ತಗಲಬಾರದು ಎಂದು ಗಿಡ್ಡ, ಒಂದೇ ಏಟಿಗೆ ಆಗಬೇಕು ಎಂದು ಭಾರ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಕೆಲಸವೇ ಇಲ್ಲ. ನೀವು ಹೊಡೆಯುವುದು ಕಾಗದಕ್ಕೆ.

ಕಾಗದಕ್ಕೆ ಹೊಡೆಯುವ ಬಿಲ್ಲು ಉದ್ದ ಇರುತ್ತದೆ. ಆಕ್ಸಲ್‌ನಿಂದ ಆಕ್ಸಲ್‌ಗೆ 36ರಿಂದ 40 ಇಂಚು. ಉದ್ದ ಇದ್ದರೆ ಕೈಯಲ್ಲಿ ಕಡಿಮೆ ಅಲುಗುತ್ತದೆ, ಎಳೆದಾಗ ಸ್ಟ್ರಿಂಗ್ ಚೂಪಾಗಿ ಮಡಚುವುದಿಲ್ಲ, ಮೂಗಿನ ತುದಿಗೆ ಸರಿಯಾಗಿ ಬಂದು ಕೂರುತ್ತದೆ. ಬ್ರೇಸ್ ಹೈಟ್, ಅಂದರೆ ಹಿಡಿಯಿಂದ ಸ್ಟ್ರಿಂಗ್‌ವರೆಗಿನ ಅಂತರ, 7 ಇಂಚು ಅಥವಾ ಹೆಚ್ಚಿದ್ದರೆ ಹೊಸಬರ ತಪ್ಪನ್ನು ಒಂದಿಷ್ಟು ಕ್ಷಮಿಸುತ್ತದೆ. ಅದಕ್ಕಿಂತ ಕಡಿಮೆಯಾದರೆ ವೇಗ ಹೆಚ್ಚು, ಕ್ಷಮೆ ಕಡಿಮೆ.

ಆ 340 ಅಡಿ ವೇಗದ ಗುಟ್ಟೂ ಕೇಳಿ. ಕಂಪನಿಗಳು ಅಳೆಯುವುದು 70 ಪೌಂಡಿನಲ್ಲಿ, 30 ಇಂಚು ಎಳೆದು, ಬರೀ 350 ಗ್ರೇನ್ (ಸುಮಾರು 23 ಗ್ರಾಂ) ತೂಕದ ಬಾಣ ಬಿಟ್ಟು. ಎಳೆತ ಒಂದು ಇಂಚು ಕಡಿಮೆಯಾದರೆ ಸುಮಾರು 10 ಅಡಿ ಇಳಿಯುತ್ತದೆ. ಪೌಂಡ್ ಇಳಿಸಿದರೆ ಇನ್ನಷ್ಟು. ಹಾಗಾಗಿ ಆ ಅಂಕಿ ನಿಮ್ಮ ಕೈಗೆ ಬರುವುದೇ ಇಲ್ಲ. ಕಾರಿನ ಮೈಲೇಜ್ ಜಾಹೀರಾತು ಓದಿದ ಹಾಗೆ ಓದಿ ಬಿಟ್ಟುಬಿಡಿ.

(ಈ ಸೊಟ್ಟ ರಾಟೆಯ ಐಡಿಯಾ ಹುಟ್ಟಿದ್ದೂ ಇದೇ ದೇಶದಲ್ಲಿ. ಮಿಸ್ಸೌರಿಯ ಹಾಲಿಸ್ ವಿಲ್ಬರ್ ಆಲೆನ್ 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ, 1969ರಲ್ಲಿ ಸಿಕ್ಕಿತು. ಸಾವಿರಾರು ವರ್ಷದ ಬಿಲ್ಲಿನ ಮುಂದೆ ಇದು ಮೊನ್ನೆ ಮೊನ್ನೆಯ ಕೂಸು.)

ಬೆಣ್ಣೆದೋಸೆ

ಅಳೆದೆ. ಹೆಂಡತಿ ಟೇಪ್ ಹಿಡಿದಳು, ಮಗ ನಕ್ಕ. 166 ಸೆಂಟಿಮೀಟರ್, ಅಂದರೆ ಹತ್ತಿರ ಹತ್ತಿರ 65.4 ಇಂಚು. ಭಾಗಿಸಿದರೆ 26.1.

ಅಣ್ಣನಿಗೆ ಹೇಳಿದೆ. ಅವನು ಮಾರುವವರನ್ನು ಕೇಳಿದ. ಆ ಬಿಲ್ಲಿನ ಕ್ಯಾಮ್‌ನಲ್ಲಿ ಮಾಡ್ಯೂಲ್ (ಎಳೆತದ ಉದ್ದ ಬದಲಿಸುವ ತುಣುಕು) ತಿರುಗಿಸಿದರೆ 27ರಿಂದ 30ರವರೆಗೆ ಇಡಬಹುದಂತೆ. 27ಕ್ಕೆ ಇಟ್ಟರೆ ನನಗಿಂತ ಒಂದು ಇಂಚು ಕೂಡ ಜಾಸ್ತಿ ಇಲ್ಲ. ಅಂದಾಜು ಲೆಕ್ಕ ಅಂತ ನೀವೇ ಹೇಳಿದಿರಿ. ಒಂದು ಇಂಚಿಗೆ ಏನು ಮಹಾ ಆಗಿಬಿಡುತ್ತದೆ? (ಆಸೆ ಬಿಡುತ್ತಿಲ್ಲ, ಬೈಯಬೇಡಿ.)

ಹಳೇಹೆದೆ

ಬೈಯುವುದಿಲ್ಲ. ಒಂದು ಕಾಲದಲ್ಲಿ ನಾನೂ ಇದನ್ನೇ ಕೇಳಿದ್ದೆ.

ಚಪ್ಪಲಿ ಒಂದು ನಂಬರ್ ದೊಡ್ಡದಾದರೆ ಮದುವೆ ಮನೆಗೆ ಹೋಗಿ ಬರಬಹುದು, ಬೆಟ್ಟ ಹತ್ತಲು ಆಗುವುದಿಲ್ಲ. 5 ಮೀಟರಿನಲ್ಲಿ ನಿಮಗೆ ಏನೂ ಗೊತ್ತಾಗುವುದಿಲ್ಲ. ಬಾಣಗಳೆಲ್ಲ ಒಂದೇ ಕಡೆ ಕೂರುತ್ತವೆ, ಖುಷಿಯಾಗುತ್ತದೆ. 30 ಮೀಟರಿಗೆ ಹೋದಾಗ ಎಡ ಬಲ ಚೆದುರುತ್ತದೆ. 50ಕ್ಕೆ ಹೋದರೆ ಗುರಿಯ ಹಾಳೆ 80 ಸೆಂಟಿಮೀಟರ್, ಅದರಲ್ಲಿ 10 ಅಂಕದ ಚಕ್ರ ಬರೀ 8 ಸೆಂಟಿಮೀಟರ್. ಆಗ ಸೈಟ್ ಅನ್ನು ಬೈಯುತ್ತೀರಿ, ಬಾಣ ಬದಲಿಸುತ್ತೀರಿ, ಸ್ಟೆಬಿಲೈಸರ್‌ಗೆ (ಬಿಲ್ಲು ಅಲುಗದಂತೆ ಹಿಡಿಯುವ ಕೋಲಿಗೆ) ತೂಕ ಹಾಕುತ್ತೀರಿ. ತಪ್ಪು ಅಲ್ಲೆಲ್ಲೂ ಇರುವುದಿಲ್ಲ. ನನಗೆ ಮುಕ್ಕಾಲು ಇಂಚು ಉದ್ದದ ಬಿಲ್ಲಿನಲ್ಲಿ ಹದಿನಾಲ್ಕು ತಿಂಗಳು ಹೀಗೇ ಹೋಯಿತು. ಕೊನೆಗೆ ಒಬ್ಬ ಹಿರಿಯರು ಪಕ್ಕದಿಂದ ಫೋಟೋ ತೆಗೆದು ತೋರಿಸಿದರು. ನಿಂತ ಭಂಗಿ ನೋಡಿದರೆ ತೆಂಗಿನ ಮರ ಗಾಳಿಗೆ ವಾಲಿದ ಹಾಗಿತ್ತು. ಬಿಲ್ಲನ್ನು ಚಿಕ್ಕದು ಮಾಡಿದ ವಾರವೇ ಬಾಣಗಳು ಚೆದುರುವ ಅಗಲ ಅರ್ಧಕ್ಕೆ ಬಂತು.

ಇನ್ನೊಂದು ಲೆಕ್ಕ ಬಿಟ್ಟಿದ್ದೀರಿ. ಕಾಂಪೌಂಡಿನಲ್ಲಿ ಬೆರಳಿನಿಂದ ಎಳೆಯುವುದಿಲ್ಲ. ಸ್ಟ್ರಿಂಗ್‌ಗೆ ಒಂದು ಸಣ್ಣ ಕುಣಿಕೆ ಕಟ್ಟುತ್ತಾರೆ, ಡಿ ಲೂಪ್ ಅಂತ. ಅದಕ್ಕೆ ರಿಲೀಸ್ ಎಂಬ, ಒತ್ತಿದರೆ ಬಿಡುವ ಕೊಕ್ಕೆ ಸಿಕ್ಕಿಸಿ ಎಳೆಯುವುದು. ಕುಣಿಕೆ ಇದ್ದಷ್ಟೂ ಕೈ ಇನ್ನೂ ಹಿಂದಕ್ಕೆ ಹೋಗುತ್ತದೆ. ಹಾಗಾಗಿ ಕಾಗದದ ಮೇಲಿನ ಒಂದು ಇಂಚು ಮೈಮೇಲೆ ಒಂದೂಕಾಲಾದರೂ ಆಗುತ್ತದೆ. ಅನುಮಾನ ಇದ್ದರೆ ಅರ್ಧ ಇಂಚು ಗಿಡ್ಡದ ಕಡೆ ಹೋಗಿ, ಉದ್ದದ ಕಡೆ ಬೇಡ.

ಬಾಣದಮ್ಮ

ನಾನು ಬಿಲ್ಲು ಹಿಡಿದವಳಲ್ಲ. ಮಗಳನ್ನು ಬೆಳಿಗ್ಗೆ ಐದೂವರೆಗೆ ಎಬ್ಬಿಸಿ ಸ್ಕೂಟರಿನಲ್ಲಿ ರೇಂಜಿಗೆ ಬಿಡುವವಳು. ಆದರೂ ಒಂದು ಮಾತು.

ಮಗಳಿಗೆ ಹನ್ನೊಂದು ವರ್ಷಕ್ಕೆ ಬಿಲ್ಲು ಕೊಳ್ಳುವಾಗ ಎಲ್ಲರೂ ಒಳ್ಳೆ ಕಂಪನಿಯದೇ ತಗೊಳ್ಳಿ ಎಂದರು. ಅವಳ ಕೋಚ್ ಮಾತ್ರ, "ಬೆಳೆಯುವ ಮಗು, ಬೆಳೆಯುವ ಬಿಲ್ಲು ತಗೊಳ್ಳಿ" ಎಂದರು. ಈಗ ಹಾಗೆ ಸಿಗುತ್ತವೆ. ಡೈಮಂಡ್ ಇನ್ಫಿನಿಟ್ ಎಡ್ಜ್ ಪ್ರೊ ಎಂಬ ಬಿಲ್ಲು 13ರಿಂದ 31 ಇಂಚು, 5ರಿಂದ 70 ಪೌಂಡ್‌ವರೆಗೆ ತಿರುಗುತ್ತದೆ. ಬೇರ್ ಕ್ರೂಝರ್ ಜಿ2 ಕೂಡ ಅದೇ ಥರ. ಬೋ ಪ್ರೆಸ್ ಬೇಡ, ಅಲೆನ್ ಕೀ ಸಾಕು. ಎರಡು ವರ್ಷದಲ್ಲಿ ಮಗಳ ಡ್ರಾ ಲೆಂಗ್ತ್ ಮೂರು ಇಂಚು ಬೆಳೆಯಿತು, ಬಿಲ್ಲು ಅದೇ ಇತ್ತು.

ಜೆನೆಸಿಸ್ ಅಂತ ಇನ್ನೊಂದಿದೆ, ಶಾಲೆಗಳಲ್ಲಿ ಇಡುವಂಥದ್ದು. ಅದಕ್ಕೆ ಲೆಟ್ ಆಫ್ ಇಲ್ಲ, ಗೋಡೆಯೂ ಇಲ್ಲ, 10ರಿಂದ 20 ಪೌಂಡ್. ಯಾರು ಬೇಕಾದರೂ ಎಳೆಯಬಹುದು. ರುಚಿ ನೋಡಲು ಚೆಂದ. ಸ್ಪರ್ಧೆಗೆ ಅದು ಆಗಲ್ಲ.

ಇಲ್ಲಿ ಎಲ್ಲರೂ ಶಕ್ತಿಯ ಮಾತು ಆಡುತ್ತಿದ್ದೀರಿ. ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಶೀತಲ್ ದೇವಿ ಆಡಿದ್ದನ್ನು ಮಗಳೂ ನಾನೂ ನೋಡಿದೆವು. ಎರಡೂ ಕೈ ಇಲ್ಲದ ಹುಡುಗಿ, ಕಾಲಿನಲ್ಲಿ ಬಿಲ್ಲು ಹಿಡಿದು ಭುಜದಿಂದ ಸ್ಟ್ರಿಂಗ್ ಎಳೆದು ರಾಕೇಶ್ ಕುಮಾರ್ ಜೊತೆ ಕಂಚು ಗೆದ್ದಳು. ಆ ಬಿಲ್ಲನ್ನು ಅವಳ ಮೈಗೆ ತಕ್ಕ ಹಾಗೆ ಕೂರಿಸಿದವರ ಬಗ್ಗೆ ನನಗೆ ಇವತ್ತಿಗೂ ಆಶ್ಚರ್ಯ.

ಎಡಗಣ್ಣ

ವಿಷಯ ಸ್ವಲ್ಪ ಪಕ್ಕಕ್ಕೆ. ನಾನು ಬಲಗೈಯವನು. ಆದರೆ ಎರಡೂ ಕೈ ಚಾಚಿ ಹೆಬ್ಬೆರಳ ನಡುವೆ ಸಣ್ಣ ಕಿಂಡಿ ಮಾಡಿ ಗಡಿಯಾರ ನೋಡಿದರೆ, ಎಡಗಣ್ಣು ಮುಚ್ಚಿದಾಗ ಗಡಿಯಾರ ಮಾಯ. ಅಂದರೆ ನನ್ನದು ಎಡಗಣ್ಣಿನ ಯಜಮಾನಿಕೆ. ಎಡಗೈ ಬಿಲ್ಲು ತಗೊಳ್ಳಬೇಕಾ?

ಸ್ಪ್ಯಾನರ್_ಸ್ವಾಮಿ

ಹೊಸದಾಗಿ ಶುರು ಮಾಡುವವರಾದರೆ ಎಡಗೈ ಬಿಲ್ಲು ಒಮ್ಮೆ ಹಿಡಿದು ನೋಡಿ. ವಾರದಲ್ಲಿ ಒಗ್ಗಿದರೆ ಅದೇ ಒಳ್ಳೆಯದು. ಆದರೆ ಸೆಕೆಂಡ್ ಹ್ಯಾಂಡ್ ಹುಡುಕುವಾಗ ಎಡಗೈದು ಸಿಗುವುದು ಅಪರೂಪ, ಮಾರುವಾಗಲೂ ಅಷ್ಟೇ ಕಷ್ಟ. ಕಾಂಪೌಂಡಿನಲ್ಲಿ ಸ್ಟ್ರಿಂಗ್‌ನೊಳಗೆ ಪೀಪ್ ಎಂಬ ಕಿಂಡಿ ಇರುವುದರಿಂದ ಬಲಗಣ್ಣಿನಲ್ಲಿ ನೋಡುತ್ತಾ ಎಡಗಣ್ಣನ್ನು ಅರ್ಧ ಮುಚ್ಚಿ, ಅಥವಾ ಟೋಪಿಗೆ ಒಂದು ಪಟ್ಟಿ ಅಂಟಿಸಿ ಹೊಡೆಯುವವರೂ ಬೇಕಾದಷ್ಟಿದ್ದಾರೆ. ಬೇರೆ ಚರ್ಚೆ ಶುರು ಮಾಡಿ, ವಿವರವಾಗಿ ಮಾತಾಡೋಣ.

ಮಲೆನಾಡ_ಮಳೆ

ಸರಿ ಮಾರಾಯ್ರೆ, ನನ್ನ ಕಥೆ ಪೂರ್ತಿ ಹೇಳಿರಲಿಲ್ಲ. ಸತ್ತಿಲ್ಲ ಅಂದೆನಲ್ಲ, ಬಿಲ್ಲು ಸತ್ತಿತು.

ಆ 60 ಪೌಂಡಿನದು ತಂದ ಮೂರನೇ ವಾರ ಮನೆಗೆ ಭಾವ ಬಂದಿದ್ದರು. ಜಗಲಿಯಲ್ಲಿ ನೇತು ಹಾಕಿದ್ದನ್ನು ತೆಗೆದುಕೊಂಡರು. ನಾನು ಒಳಗೆ ಕಾಫಿ ತರಲು ಹೋಗಿದ್ದೆ. ಅವರು ಬಾಣ ಇಲ್ಲದೆ ಎಳೆದು, ಭಾರ ತಡೆಯಲಾರದೆ ಬಿಟ್ಟುಬಿಟ್ಟರು. ಪಟಾಕಿ ಹೊಡೆದ ಸದ್ದು. ಬಾಣ ಇದ್ದರೆ ಅದು ಹೊತ್ತೊಯ್ಯುವ ಶಕ್ತಿಯೆಲ್ಲ ಬಿಲ್ಲಿನೊಳಗೇ ತಿರುಗಿ ಬಡಿಯುತ್ತದೆ. ಸ್ಟ್ರಿಂಗ್ ಕ್ಯಾಮ್‌ನಿಂದ ಹಾರಿ ಭಾವನ ಮೊಣಕೈಗೆ ಬಾಸುಂಡೆ ಎಬ್ಬಿಸಿತ್ತು. ಲಿಂಬ್‌ನಲ್ಲಿ ಉದ್ದಕ್ಕೂ ಸೀಳು. ಲಿಂಬ್ ತರಿಸಲು ಹೋದರೆ ಆ ಮಾಡೆಲ್ ಕಂಪನಿ ಯಾವತ್ತೋ ನಿಲ್ಲಿಸಿತ್ತು. ಈಗ ಅದು ಅಟ್ಟದಲ್ಲಿದೆ.

ಹಾಗಾಗಿ ನನ್ನ ಮಾತು ಅರ್ಧ ವಾಪಸ್. ಸೆಕೆಂಡ್ ಹ್ಯಾಂಡ್ ಬೇಡ ಅನ್ನಲ್ಲ, ಆದರೆ ನೋಡಿ ತಗೊಳ್ಳಿ. ಒಂದು ಹತ್ತಿಯ ಉಂಡೆಯನ್ನು ಲಿಂಬ್‌ನ ಅಂಚಿನ ಮೇಲೆ ಎಳೆಯಿರಿ. ಎಳೆ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಸೀಳು ಇದೆ. ಸ್ಟ್ರಿಂಗ್ ಜುಂಜು ಜುಂಜಾಗಿದ್ದರೆ ಹೊಸ ಸ್ಟ್ರಿಂಗ್ ಖರ್ಚು ರೇಟಿನಲ್ಲಿ ಕಳೆಯಿರಿ. ಕ್ಯಾಮ್ ಅಂಚಿನಲ್ಲಿ ಗಾಯ ಇದ್ದರೆ ಡ್ರೈ ಫೈರ್ (ಹೀಗೆ ಬಾಣವಿಲ್ಲದೆ ಬಿಟ್ಟದ್ದು) ಆಗಿರಬಹುದು, ಕೈ ಮುಗಿದು ವಾಪಸ್ ಬನ್ನಿ. ಬೇಸಿಗೆಯಲ್ಲಿ ಬಿಲ್ಲನ್ನು ಕಾರಿನಲ್ಲಿಟ್ಟು ಮದುವೆ ಊಟಕ್ಕೆ ಹೋಗಬೇಡಿ, ಬಿಸಿಗೆ ಸ್ಟ್ರಿಂಗ್ ಹಿಗ್ಗುತ್ತದೆ.

ಸ್ಪ್ಯಾನರ್_ಸ್ವಾಮಿ

ಕೊನೆಗೂ ಸತ್ಯ ಹೊರಬಂತು.

ದುಡ್ಡಿನ ವಿಷಯ ಯಾರೂ ಎತ್ತಲಿಲ್ಲ. ಬರೀ ಬಿಲ್ಲಿಗೆ ಎಷ್ಟು ಕೊಡುತ್ತೀರೋ, ಉಳಿದದ್ದಕ್ಕೂ ಹೆಚ್ಚುಕಡಿಮೆ ಅಷ್ಟೇ ಎತ್ತಿಡಿ. ಸೈಟ್, ರೆಸ್ಟ್, ಪೀಪ್, ರಿಲೀಸ್, ಸ್ಟೆಬಿಲೈಸರ್, ಬಾಣ, ಪೆಟ್ಟಿಗೆ. ಬಿಲ್ಲಿಗೇ ಎಲ್ಲ ಸುರಿದು ಕಳಪೆ ಬಾಣ ತರುವವರನ್ನು ಎಷ್ಟು ಜನ ನೋಡಿದ್ದೇನೋ.

ಬಾಣದ ಬಗ್ಗೆ ಮಾತ್ರ ಎರಡು ಮಾತು, ಇದು ಜೀವದ ಪ್ರಶ್ನೆ. ಅಮೆರಿಕದವರು ಕೊಡುತ್ತೇನೆಂದ ಆರು ಬಾಣ 70 ಪೌಂಡಿಗೆ, 29 ಇಂಚಿಗೆ ಕತ್ತರಿಸಿದವು. ನಿಮ್ಮ 45 ಪೌಂಡಿಗೆ ಅವು ಕಬ್ಬಿಣದ ಸರಳಿನ ಹಾಗೆ ಗಡುಸು. ಬಾಣದ ಗಡಸುತನಕ್ಕೆ ಸ್ಪೈನ್ ಎನ್ನುತ್ತಾರೆ, ಅಂಕಿ ಚಿಕ್ಕದಾದಷ್ಟೂ ಗಡುಸು. 340 ಅಂದರೆ ಗಡುಸು, 600 ಅಂದರೆ ಬಳುಕು. ಕಂಪನಿಯ ಪಟ್ಟಿಯಲ್ಲಿ ನಿಮ್ಮ ಪೌಂಡ್, ನಿಮ್ಮ ಬಾಣದ ಉದ್ದ ನೋಡಿ ಆರಿಸಿ. ಹೊಸಬರು ಎಳೆದಾಗಲೂ ರೆಸ್ಟ್‌ನಿಂದ ಒಂದು ಇಂಚಾದರೂ ಮುಂದೆ ಚಾಚಿರುವಂತೆ ಬಾಣ ಇಟ್ಟುಕೊಳ್ಳಿ. ಗಿಡ್ಡ ಬಾಣ ರೆಸ್ಟ್‌ನಿಂದ ಹಿಂದೆ ಬಿದ್ದರೆ ತೂರುವುದು ನಿಮ್ಮ ಅಂಗೈಯನ್ನೇ. ತೂಕ ಪೌಂಡಿಗೆ 5 ಗ್ರೇನ್‌ಗಿಂತ ಕಡಿಮೆ ಇರಬಾರದು. 45 ಪೌಂಡಿಗೆ 225 ಗ್ರೇನ್, ಅಂದರೆ ಸುಮಾರು ಹದಿನಾಲ್ಕೂವರೆ ಗ್ರಾಂ. ಅದು ಕನಿಷ್ಠ, ಅದಕ್ಕಿಂತ ಭಾರ ಇದ್ದರೆ ಒಳ್ಳೆಯದೇ. ತೀರಾ ಹಗುರವಾದರೆ ಮಳೆಯವರ ಭಾವ ಮಾಡಿದ್ದಕ್ಕೂ ಅದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಕಾರ್ಬನ್ ಬಾಣವನ್ನು ದಿನಾ ಹೊಡೆಯುವ ಮೊದಲು ಕಿವಿ ಹತ್ತಿರ ಹಿಡಿದು ಮೆಲ್ಲಗೆ ಬಗ್ಗಿಸಿ. ಚಿಟಿಚಿಟಿ ಅಂದರೆ ಮುರಿದು ಎಸೆಯಿರಿ, ಜಿಪುಣತನ ಬೇಡ.

ಬೆಣ್ಣೆದೋಸೆ

ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ಭಾನುವಾರ ಪಕ್ಕದ ಊರಿನ ರೇಂಜಿಗೆ ಹೋಗಿದ್ದೆ. ಅಲ್ಲಿ ಒಬ್ಬರು ಹಿರಿಯರು ತಮ್ಮ ಹಳೆಯ ಟಾರ್ಗೆಟ್ ಬಿಲ್ಲು ಕೊಟ್ಟು ನೋಡಿ ಎಂದರು. ಮೊದಲು 28ಕ್ಕೆ ಇತ್ತು. ಎಳೆದೆ, ಸ್ಟ್ರಿಂಗ್ ಕಿವಿಯ ಹಿಂದೆ ಹೋಯಿತು. ಪೀಪ್‌ನೊಳಗೆ ಗುರಿ ಕಾಣಲು ಗಂಟಲು ಎತ್ತಬೇಕಾಯಿತು. ಅವರು ಮಾಡ್ಯೂಲ್ ತಿರುಗಿಸಿ 26ಕ್ಕೆ ತಂದು, ಪೀಪ್ ಸರಿ ಮಾಡಿ, 42 ಪೌಂಡಿಗೆ ಇಳಿಸಿ ಕೊಟ್ಟರು. ಎಳೆದು ಕಣ್ಣು ಮುಚ್ಚಿ ಎಂದರು. ಕಣ್ಣು ತೆರೆದಾಗ ಕಿಂಡಿಯ ನಡುವೆ ಗುರಿ ತಾನಾಗಿ ಬಂದು ಕೂತಿತ್ತು. ನಾನು ಏನೂ ಮಾಡಿರಲಿಲ್ಲ.

ಅರವತ್ತು ಬಾಣ ಹೊಡೆದೆ. ಮಾರನೇ ದಿನ ಬೆನ್ನಿನಲ್ಲಿ ನಾನೆಂದೂ ಕಾಣದ ಜಾಗದಲ್ಲಿ ನೋವು. ಜಿಮ್ ಮಾತು ಮರೆತುಬಿಡಿ.

ಅಣ್ಣನಿಗೆ ಉಹೂಂ ಅಂದೆ. ಅವನಿಗೆ ಸಿಟ್ಟು ಬಂತು, ಮಾರುವವರಿಗೆ ಮಾತು ಕೊಟ್ಟಿದ್ದನಂತೆ. ಆಮೇಲೆ ತಣ್ಣಗಾಗಿ, "ಹಾಗಾದರೆ ಇನ್ನೇನು ತರಲಿ?" ಎಂದ. ಒಂದು ರಿಲೀಸ್ ತಾ ಅಂದೆ. ಯಾವುದು ಹೇಳಲಿ? ಮಣಿಕಟ್ಟಿಗೆ ಪಟ್ಟಿ ಕಟ್ಟಿ ತೋರುಬೆರಳಲ್ಲಿ ಒತ್ತುವುದಾ, ಹೆಬ್ಬೆರಳಿನದಾ?

ಟೆಕ್ಸಾಸ್_ಕನ್ನಡಿಗ

ಹೆಬ್ಬೆರಳಿನದು. ತೋರುಬೆರಳಿನದು ಬಂದೂಕಿನ ಕುದುರೆಯ ಹಾಗೆ, ಗುರಿ ಕಂಡ ಕೂಡಲೇ ಒತ್ತುವ ಚಟ ಹತ್ತುತ್ತದೆ. ಕೊಳ್ಳುವ ಮೊದಲು ನಿಮ್ಮ ಅಂಗೈ ಅಗಲ ಅಳೆದು ಅಣ್ಣನಿಗೆ ಕಳಿಸಿ. ಅದರಲ್ಲೂ ಚಿಕ್ಕದು, ನಡುವಿನದು, ದೊಡ್ಡದು ಅಂತ ಸೈಜ್ ಇದೆ.

ಬೆಣ್ಣೆದೋಸೆ

ಮತ್ತೆ ಟೇಪ್ ಅಂತ ಕೇಳಿದೆ. ಹೆಂಡತಿ ಈ ಸಲ ಟೇಪ್ ಕೊಡಲೇ ಇಲ್ಲ, ಸ್ಕೇಲ್ ಕೊಟ್ಟಳು.